ರಾಚವ್ವ ಬರೆದ ಒಂದು ಸಾಲು

ಮುಲುಂಡ್, ಮುಂಬೈ
ಸೋಮವಾರ, 9 ಜೂನ್ 2025

ಪ್ರೀತಿಯ ಅಪ್ಪಾ,

ಸರಿಯಾಗಿ ಓದಿದ ಹುಡುಗಿಗೆ ನೀವು ಸೊನ್ನೆ ಕೊಟ್ಟಿದ್ದೀರಿ. ಅದು ಅನ್ಯಾಯ. ಕ್ಷೇಮ ಕೇಳದೆ ಜಗಳದಿಂದ ಕಾಗದ ಶುರು ಮಾಡುತ್ತಾರೆಯೇ ಎಂದು ಅಮ್ಮ ಅಡುಗೆಮನೆಯಿಂದಲೇ ಗದರಿದಳು, ಹಾಗಾಗಿ ಈಗ ಕೇಳುತ್ತೇನೆ: ಕಣ್ಣು ಹೇಗಿದೆ? ನೀರು ಸುರಿಯುವುದು ನಿಂತಿತೇ? ಆಪರೇಷನ್ ಆದ ಕಣ್ಣನ್ನು ಉಜ್ಜಿಕೊಳ್ಳುತ್ತೀರಂತೆ, ಉಜ್ಜಬೇಡಿ. ಇದನ್ನೆಲ್ಲ ಫೋನಿನಲ್ಲೇ ಹೇಳಹೊರಟಿದ್ದೆ. ಪ್ರತಿ ಸಲವೂ "ಮೈಸೂರಿಂದ ಬಂದ ಮೇಲೆ ನೋಡೋಣಮ್ಮ" ಎಂದು ಫೋನ್ ಇಟ್ಟುಬಿಟ್ಟಿರಿ. ನೀವು ನಿಧಾನವಾಗಿ ಬರುವ ಹೊತ್ತಿಗೆ ಇಲ್ಲಿ ಎಲ್ಲ ಮುಗಿದಿರುತ್ತದೆ. ನೀವೀಗ ಓದುವ ಹಾಗಿಲ್ಲ, ಆದ್ದರಿಂದ ನಂಜುಂಡ ಚಿಕ್ಕಪ್ಪ ಇದನ್ನು ಓದಿ ಹೇಳುತ್ತಾರೆ. ಚಿಕ್ಕಪ್ಪಾ, ಅಣ್ಣನ ಮುಖ ಕೆಂಪಾದರೂ ನಿಲ್ಲಿಸಬೇಡಿ, ಕೊನೆಯವರೆಗೂ ಓದಿ.

ನಡೆದದ್ದು ಇಷ್ಟು. ನಮ್ಮ ಕನ್ನಡ ಸಂಘ ವರ್ಷಕ್ಕೊಂದು ಮಗುವನ್ನು ತನ್ನ ವಸತಿ ಶಾಲೆಯಲ್ಲಿ ಎಂಟನೆಯ ತರಗತಿಯಿಂದ ಮುಂದಕ್ಕೆ ಓದಿಸುತ್ತದೆ. ಆ ಒಂದು ಸೀಟಿನ ಪರೀಕ್ಷೆಗೆ ಕನ್ನಡ ಪ್ರಶ್ನೆಪತ್ರಿಕೆ ತೆಗೆದವರು ನೀವು, ಊರಿಗೆ ಹೊರಡುವ ಮೊದಲು ತಿದ್ದಿದವರೂ ನೀವೇ. ಅದರಲ್ಲಿ ನೀವೇ ಬರೆದ ಒಂದು ಪ್ಯಾರಾ, ಅದರ ಮುಖ್ಯ ವಿಚಾರವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ ಎಂಬ ಪ್ರಶ್ನೆ. ಪ್ಯಾರಾದ ಗೃಹಿಣಿ ಮೊದಲ ಲೋಕಲ್ ರೈಲು ಓಡುವ ಮುಂಚೆ ಏಳುತ್ತಾಳೆ, ಎಲ್ಲರ ಡಬ್ಬಿ ಕಟ್ಟುತ್ತಾಳೆ, ಅತ್ತೆಯ ಕಾಲು ಒತ್ತುತ್ತಾಳೆ, ಗಂಡನ ಷರ್ಟಿಗೆ ಇಸ್ತ್ರಿ ಹಾಕುತ್ತಾಳೆ, ನಗುತ್ತಾ ಸಂಗೀತದ ಕ್ಲಾಸು ಬಿಡುತ್ತಾಳೆ, ಎಲ್ಲರ ಊಟವಾದ ಮೇಲೆ ಉಳಿದದ್ದನ್ನು ನಗುತ್ತಾ ಉಣ್ಣುತ್ತಾಳೆ. ಆಕೆ ಯಾರೆಂದು ನಿಮಗೂ ಗೊತ್ತು, ನನಗೂ ಗೊತ್ತು. ನೀವು ಇಟ್ಟುಕೊಂಡ ಸರಿಯುತ್ತರ, "ಗೃಹಿಣಿಯ ತ್ಯಾಗವೇ ಮನೆಯ ಸುಖ." ನನ್ನ ತರಗತಿಯ ಹುಡುಗಿ ರಾಚವ್ವ ಬರೆದದ್ದು, "ಈ ಮನೆಯ ಕೆಲಸವನ್ನೆಲ್ಲ ಒಬ್ಬಳೇ ಮಾಡುತ್ತಾಳೆ, ಯಾರೂ ಅವಳಿಗೆ ಕೈಜೋಡಿಸುವುದಿಲ್ಲ." ಅದರ ಮೇಲೆ ನಿಮ್ಮ ಕೆಂಪು ಶಾಯಿಯ ದೊಡ್ಡ ಸೊನ್ನೆ.

ಅಪ್ಪಾ, ಸಂಘದ ಭಾನುವಾರದ ತರಗತಿಯಲ್ಲಿ ಈ ಪರೀಕ್ಷೆ ಬರೆದ ಮಕ್ಕಳಿಗೆ ಓದುವುದನ್ನು ಕಲಿಸಿದವಳು ನಾನು. ಬಂದ ಹೊಸದರಲ್ಲಿ ಎಲ್ಲರೂ ಗೈಡಿನ ಸೂತ್ರ ಕಲಿತು ಬಂದಿದ್ದರು: ಮೊದಲ ಸಾಲು ನಕಲು ಮಾಡು, ಅಂಕ ತಗೊ. "ಮೊದಲನೇ ಲೈನ್ ಸೇಫ್ ಅಲ್ವಾ ಮಿಸ್?" ಎಂದು ಅನುರಾಗ್ ಕೇಳುತ್ತಿದ್ದ. ಒಳ್ಳೆಯ ಹುಡುಗ, ಆದರೆ ಸೇಫ್ ಆಗಿರುವುದೇ ಅವನ ಓದು. ಆ ಸೂತ್ರವನ್ನು ಬಿಡಿಸಲು ನಾನು ಪ್ಯಾರಾದ ಮೊದಲ ಸಾಲಿನ ಮೇಲೆ ಸ್ಕೇಲ್ ಇಡಿಸಿದೆ. ಉಳಿದದ್ದನ್ನಷ್ಟೇ ಓದಿ, ಇದು ಯಾರ ಕುರಿತ ಮಾತು, ಅವರ ಬಗ್ಗೆ ಪ್ರತಿ ವಾಕ್ಯವೂ ಏನು ಹೇಳುತ್ತಿದೆ ಎಂದು ಕೇಳಿಕೊಳ್ಳಿ, ಎಲ್ಲ ವಾಕ್ಯಗಳೂ ಒರಗಿ ನಿಂತಿರುವ ಗೋಡೆ ಯಾವುದೋ ಅದೇ ಮುಖ್ಯ ವಿಚಾರ ಎಂದೆ. ದಹಿಸರ್ ನದಿಯ ಬಗ್ಗೆ ಒಂದು ಪ್ಯಾರಾ ಕೊಟ್ಟಾಗ ರಾಚವ್ವ ಸ್ಕೇಲ್ ಎತ್ತಿ ನೋಡಿ ನಕ್ಕಳು: "ಮಿಸ್, ಮೇಲಿನ ಲೈನ್ ನದಿ ಭಾಳ ಚಂದ ಅಂತದ. ಕೆಳಗ ಪೂರಾ ಕಸ-ಕಚರಾನ ಐತ್ರೀ!" ಅಂದು ನನಗೆ ಹಬ್ಬ.

ನಿಮ್ಮ ಪ್ಯಾರಾಕ್ಕೂ ಅವಳು ಅದನ್ನೇ ಮಾಡಿದ್ದಾಳೆ. ನಾನೂ ಸ್ಕೇಲ್ ಇಟ್ಟು ನೋಡಿದೆ. ತ್ಯಾಗವೂ ಸುಖವೂ ಮೊದಲ ಸಾಲಿನಲ್ಲಿವೆ, ಕೊನೆಯ ಸಾಲಿನಲ್ಲಿವೆ. ನಡುವೆ ಇರುವುದು ಬರೀ ಕೆಲಸ, ಅದೂ ಒಬ್ಬಳದೇ. ನೀವು ಏನು ಹೇಳಬೇಕೆಂದಿದ್ದಿರೋ ಅದಕ್ಕೆ ಅಂಕ ಕೊಟ್ಟಿರಿ; ಅವಳು ನೀವು ಹೇಳಿದ್ದನ್ನು ಓದಿದಳು.

ನಿನ್ನೆ ಕಾರ್ಯದರ್ಶಿ ಪೂವಪ್ಪನವರ ಹತ್ತಿರ ಹೋದೆ. "ಎಂತ ಮಾರಾಯ್ತಿ, ಅಪ್ಪ ಬರೆದ ಪ್ಯಾರಾದ ಅರ್ಥ ಅಪ್ಪನಿಗಿಂತ ನಿನಗೆ ಜಾಸ್ತಿ ಗೊತ್ತುಂಟಾ?" ಎಂದು ನಕ್ಕರು. ಆಮೇಲೆ ನಗು ಬಿಟ್ಟು, ಇದು ನಿನ್ನ ಕರಪತ್ರಗಳ ಉತ್ತರ, ಹುಡುಗಿಯ ಬಾಯಿಗೆ ನೀನೇ ಹಾಕಿದ್ದು ಎಂದರು. ಹೌದು, ನಾನು ಹೆಣ್ಣುಮಕ್ಕಳ ಹಕ್ಕಿನ ಕರಪತ್ರ ಓದುತ್ತೇನೆ. ದಾದರ್ ಸ್ಟೇಷನ್ನಿನ ಹೊರಗೆ ಹಂಚುವುದನ್ನೆಲ್ಲ ಮನೆಗೆ ತಂದು ಗುಡ್ಡೆ ಹಾಕುತ್ತೇನೆಂದು ನೀವೂ ಗೊಣಗುತ್ತೀರಿ. ಆದರೆ ಒಂದನ್ನೂ ತರಗತಿಗೆ ಒಯ್ದಿಲ್ಲ. ಒಯ್ಯುವ ಅಗತ್ಯವೂ ಬೀಳಲಿಲ್ಲ. ರಾಚವ್ವನ ತಾಯಿ ನಮ್ಮ ಸುತ್ತಲಿನ ಬಿಲ್ಡಿಂಗುಗಳಲ್ಲಿ ಪಾತ್ರೆ ತಿಕ್ಕುತ್ತಾಳೆ; ಯಾವ ಮನೆಯಲ್ಲಿ ಯಾರು ಕೂತಿರುತ್ತಾರೆ, ಯಾರು ನಿಂತಿರುತ್ತಾರೆ ಎಂದು ಆ ಹುಡುಗಿಗೆ ಕರಪತ್ರ ಹೇಳಬೇಕೇ?

ಆ ಒಂದು ಉತ್ತರಕ್ಕೆ ಅಂಕ ಬಂದರೆ ಸೀಟು ರಾಚವ್ವನದು, ಬಾರದಿದ್ದರೆ ಅನುರಾಗನದು. ಅನುರಾಗ್ ಸೀಟು ಸಿಗದಿದ್ದರೂ ಓದುತ್ತಾನೆ, ಅವನ ಮನೆಯವರು ಓದಿಸುತ್ತಾರೆ. ರಾಚವ್ವನ ಮುನಿಸಿಪಲ್ ಶಾಲೆಯಲ್ಲಿ ಕನ್ನಡ ಮಾಧ್ಯಮ ಇರುವುದು ಏಳನೆಯವರೆಗೆ ಮಾತ್ರ, ಅದನ್ನು ಅವಳು ಮುಗಿಸಿಯಾಯಿತು. ಅವಳ ಅಪ್ಪ ಸಿದ್ದಲಿಂಗಪ್ಪ ಕೆಟ್ಟವನಲ್ಲ, ಸೋತವನು. "ಸೀಟ್ ಸಿಗಲಿಲ್ಲಂದ್ರ ಅವ್ವನ ಕೂಡ ಕೆಲಸಕ್ಕ ಹೋಗ್ತಾಳ್ರಿ, ಮತ್ತೇನ್ ಮಾಡೂದ್ರಿ ಟೀಚರ್" ಎಂದ. ರಾಚವ್ವ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಳು. ಅಳಲಿಲ್ಲ. "ಮಿಸ್, ನಾ ತಪ್ಪು ಓದಿದ್ನೇನ್ರಿ?" ಎಂದಷ್ಟೇ ಕೇಳಿದಳು. ಇಲ್ಲ ಎಂದೆ. ನನ್ನ ಮಾತು ಸಾಲದು. ಪ್ರಶ್ನೆಪತ್ರಿಕೆ ತೆಗೆದವರೇ ಸೀಟು ತೀರ್ಮಾನಿಸುವ ಸಮಿತಿಯ ಎದುರು ಬಂದು ಹೇಳಿದರೆ ಮಾತ್ರ ಅಂಕ ಬದಲಾಗುವುದು, ಫೋನು ಕಾಗದ ನಡೆಯುವುದಿಲ್ಲ. ಸಂಘದ ನಿಯಮ ಅದು. ಆ ನಿಯಮವನ್ನು ಮಾಡಿಸಿದವರು ನೀವೇ ಅಂತೆ.

ಡಾಕ್ಟರು ಪ್ರಯಾಣ ಮಾಡಬಹುದು ಎಂದಿದ್ದಾರೆಂದು ಚಿಕ್ಕಪ್ಪ ತಿಳಿಸಿದರು. ಕಪ್ಪು ಕನ್ನಡಕ ಹಾಕಿಕೊಂಡು ಬನ್ನಿ. ಚಿಕ್ಕಮ್ಮನಿಗೆ, ಅಲ್ಲಿಯ ಎಲ್ಲರಿಗೂ ನನ್ನ ನಮಸ್ಕಾರ.

ನಿಮ್ಮ ಆಶೀರ್ವಾದವನ್ನೂ ಬಿಡದ, ವಾದವನ್ನೂ ಬಿಡದ ಮಗಳು,
ಧಾತ್ರಿ

ಮರೆತ ಮಾತು: ಕವರ್ ಅಂಟಿಸುತ್ತಿದ್ದೆ, ಅಮ್ಮ ಕಾಗದ ಕಿತ್ತುಕೊಂಡು ಓದಿದಳು. ಪ್ರಶ್ನೆಪತ್ರಿಕೆ ಕೊಡು ಎಂದಳು. ಅಪ್ಪಾ, ಆ ಪ್ಯಾರಾವನ್ನು ನೀವು ಅವಳಿಗೆ ತೋರಿಸಿಯೇ ಇರಲಿಲ್ಲವಂತೆ! ನಿಂತೇ ಓದಿದಳು, ಗ್ಯಾಸ್ ಆರಿಸಿದಳು, ಆಮೇಲೆ ನಿಮ್ಮ ಕುರ್ಚಿಯಲ್ಲಿ ಕೂತಳು. "ನಾನು ಸಂಗೀತ ನಗ್ತಾ ಬಿಟ್ಟೆ ಅಂತ ಇವರಿಗೆ ಯಾರು ಹೇಳಿದ್ರು?" ಎಂದಳು. ಪ್ರಶ್ನೆಪತ್ರಿಕೆ ತೆಗೆದವರು ಬಾರದಿದ್ದರೆ ಪ್ಯಾರಾದಲ್ಲಿ ಇರುವವಳೇ ಸಮಿತಿಯ ಎದುರು ನಿಂತು ಮಾತಾಡುತ್ತಾಳಂತೆ, ನಿಯಮ ಏನಾದರೂ ಇರಲಿ. ಇಸ್ತ್ರಿ ಮಾಡಿದ ಸೀರೆ ಈಗಲೇ ಹೊರಗೆ ತೆಗೆದಿಟ್ಟಿದ್ದಾಳೆ. ನೀವು ಅವಳ ಪಕ್ಕ ಕೂರುತ್ತೀರೋ ಎದುರು ಕೂರುತ್ತೀರೋ ನೀವೇ ನಿರ್ಧರಿಸಿ. ಸಮಿತಿಯ ಸಭೆ ಈ ಭಾನುವಾರ, ಜೂನ್ 15, ಬೆಳಿಗ್ಗೆ ಹನ್ನೊಂದು ಗಂಟೆ, ಮುಲುಂಡ್ ಸಂಘದ ಹಾಲ್.