ಹಡಗಿನ ಬಚ್ಚಲುಮನೆ

ಕ್ಯಾಂಪ್‌ಬೆಲ್, ಕ್ಯಾಲಿಫೋರ್ನಿಯಾ
ಅಕ್ಟೋಬರ್ 19, 1986, ಭಾನುವಾರ

ಪ್ರೀತಿಯ ನೀಲಕ್ಕನವರಿಗೆ ಶೈಲಜಾ ಮಾಡುವ ನಮಸ್ಕಾರಗಳು.

ಇಲ್ಲಿ ನಾನೂ ನಿಮ್ಮ ತಮ್ಮನೂ ಆರೋಗ್ಯವಾಗಿದ್ದೇವೆ. ನೀವು, ಭಾವನವರು, ಮದುಮಗಳು ನಿರುಪಮಾ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನಿಮ್ಮ ಜುಲೈ ತಿಂಗಳ ಕಾಗದಕ್ಕೆ ಅಕ್ಟೋಬರಿನಲ್ಲಿ ಉತ್ತರ ಬರೆಯುತ್ತಿದ್ದೇನೆ, ತಪ್ಪು ನನ್ನದೇ. ಬೈಯಿರಿ, ಆದರೆ ಪೂರ್ತಿ ಓದಿ ಆಮೇಲೆ ಬೈಯಿರಿ. ಮೂರು ಸಲ ಬರೆಯಲು ಕೂತು ಮೂರು ಸಲವೂ ಹರಿದು ಹಾಕಿದೆ. ಹೇಳಬೇಕಾದದ್ದು ಆ ನೀಲಿ ಏರೋಗ್ರಾಮಿನಲ್ಲಿ ಹಿಡಿಯುವುದಿಲ್ಲವೆಂದು ಈ ಸಲ ಬಿಳಿ ಹಾಳೆಗಳನ್ನೇ ತೆಗೆದುಕೊಂಡು ಕೂತಿದ್ದೇನೆ.

ನೀವು ಬರೆದಿದ್ದಿರಿ: "ಫೆಬ್ರವರಿಗೆ ಮದುವೆ. ಸೋದರಮಾವ ಬರದೇ ಹೋದ್ರೆ ಹುಡುಗೀನ ಮಂಟಪಕ್ಕೆ ಕರ್ಕೊಂಡು ಬರೋರು ಯಾರು? ಮೂರು ವರ್ಷದಿಂದ ಶೇಷು ಈ ಕಡೆ ತಲೆ ಹಾಕಿಲ್ಲ. ಅವನಿಗೆ ರಜಾ ಸಿಗಲ್ವೋ, ನಿನಗೆ ಮನಸ್ಸಿಲ್ವೋ, ಒಂದು ಸಲ ಬಿಡಿಸಿ ಬರಿ." ಆ ಕೊನೆಯ ಮಾತು ಓದಿ ನನಗೆ ಕೆಟ್ಟ ಕೋಪ ಬಂತು, ಸುಳ್ಳು ಯಾಕೆ ಹೇಳಲಿ. ಎರಡು ದಿನ ಮನೆಯಲ್ಲಿ ಪಾತ್ರೆಗಳೆಲ್ಲ ಸದ್ದು ಮಾಡಿದವು. ಆಮೇಲೆ ಯೋಚನೆ ಮಾಡಿದರೆ, ನಾವು ಏನೂ ಹೇಳದೆ ಇದ್ದಾಗ ನೀವು ಇನ್ನೇನು ತಾನೆ ಅಂದುಕೊಳ್ಳಬೇಕಿತ್ತು.

ಬಿಡಿಸಿಯೇ ಬರೆಯುತ್ತೇನೆ. ಎಂಬತ್ತಮೂರರಲ್ಲಿ ಇವರಿಗೆ ಆಪರೇಷನ್ ಆದಾಗ ಹೊಟ್ಟೆಯಲ್ಲಿ ಸಣ್ಣ ಗಡ್ಡೆ ಎಂದು ಬರೆದಿದ್ದೆವು. ಅದು ದೊಡ್ಡ ಕರುಳಿನ ಕ್ಯಾನ್ಸರ್. ಗಾಬರಿಯಾಗಬೇಡಿ, ಪೂರ್ತಿ ತೆಗೆದಿದ್ದಾರೆ, ಮತ್ತೆ ಬಂದಿಲ್ಲ. ಆದರೆ ಎಲ್ಲರಿಗೂ ಇರುವ ದಾರಿಯನ್ನು ಮುಚ್ಚಿ, ಹೊಟ್ಟೆಯ ಎಡಭಾಗದಲ್ಲಿ ಕರುಳಿಗೆ ಒಂದು ಬಾಯಿ ಮಾಡಿದ್ದಾರೆ. ಅದರ ಮೇಲೆ ಒಂದು ಚೀಲ ಅಂಟಿಸಿಕೊಂಡಿರಬೇಕು. ದಿನಕ್ಕೆ ಕೆಲವು ಸಲ ಅದನ್ನು ಖಾಲಿ ಮಾಡಬೇಕು, ಮೂರು ನಾಲ್ಕು ದಿನಕ್ಕೊಮ್ಮೆ ಹೊಸದು ಅಂಟಿಸಬೇಕು. ಅದಕ್ಕೆ ಅರ್ಧ ಗಂಟೆ ಹಿಡಿಯುತ್ತದೆ. ಅಂಗಿ ಹಾಕಿಕೊಂಡರೆ ಯಾರಿಗೂ ತಿಳಿಯುವುದಿಲ್ಲ.

ದಿನಾ 680ನೇ ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಕಾರು ಓಡಿಸಿಕೊಂಡು ಸ್ಯಾನ್ ರಮೋನಿನ ಆಫೀಸಿಗೆ ಹೋಗಿ ಬರುತ್ತಾರೆ. ಆದರೆ ಈ ಮೂರು ವರ್ಷದಲ್ಲಿ ಬೇರೆಯವರ ಮನೆಯಲ್ಲಿ ಒಂದು ರಾತ್ರಿಯೂ ಮಲಗಿಲ್ಲ. ಕನ್ನಡದವರು ಸೇರುವ ಕಾರ್ಯಕ್ರಮಕ್ಕೆ ಹೋದರೆ ಬಾಗಿಲ ಪಕ್ಕದ ಕುರ್ಚಿಯೇ ಆಗಬೇಕು, ಊಟಕ್ಕೆ ಮುಂಚೆ ಹೊರಟುಬಿಡಬೇಕು. ನಮ್ಮ ಮನೆಯಲ್ಲೂ ಬಾತ್‌ರೂಮಿನ ಚಿಲಕ ಹಾಕಿ, ನಲ್ಲಿ ಬಿಟ್ಟುಕೊಂಡು, ಎಲ್ಲ ಒಬ್ಬರೇ. ನನಗೆ ಕೂಡ ಒಂದು ಸಲವೂ ತೋರಿಸಿಲ್ಲ. ನಾಚಿಕೆ ಸ್ವಭಾವ, ನಿಮಗೆ ಗೊತ್ತಿಲ್ಲದ್ದೇನಲ್ಲ. ಮೈಸೂರು ಎಂದರೆ ಸಾಕು, "ಅಕ್ಕನ ಮನೇಲಿ ಬಚ್ಚಲು ಒಂದೇ, ಕಕ್ಕಸು ಹಿತ್ತಲಲ್ಲಿ. ಮದುವೆಗೆ ಅರವತ್ತು ಜನ ಬಂದಿರ್ತಾರೆ. ನಾನು ಅರ್ಧ ಗಂಟೆ ಒಳಗೆ ಕೂತ್ರೆ ಎಷ್ಟು ಜನ ಬಾಗಿಲು ಬಡೀತಾರೆ ಗೊತ್ತಾ ಶೈಲೂ?" ಎನ್ನುತ್ತಿದ್ದರು. ಸೊಸೆಯ ಮದುವೆಗೂ ಸೋದರಮಾವನಿಗೂ ಮಧ್ಯೆ ಇದ್ದದ್ದು ಇಷ್ಟೇ ಅಕ್ಕ, ಒಂದು ಬಚ್ಚಲ ಬಾಗಿಲು. ರಜವೂ ಅಲ್ಲ, ನಾನೂ ಅಲ್ಲ.

ಊರಿಗೆ ತಿಳಿಸಕೂಡದು ಎಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದರು. ಈಗ ಅವರೇ, "ಅಕ್ಕನಿಗೆ ಎಲ್ಲಾ ಬರೆದುಬಿಡು. ನಾನು ಬರೆಯೋಕೆ ಹೋದ್ರೆ ಅರ್ಧಕ್ಕೇ ನಿಲ್ಲಿಸ್ತೀನಿ" ಎಂದಿದ್ದಾರೆ. ಅದು ಹೇಗೆ ಸಾಧ್ಯವಾಯಿತು ಎಂದರೆ, ನೀವು ನಗಬೇಡಿ, ಒಂದು ಹಡಗಿನ ಬಚ್ಚಲುಮನೆಯಿಂದ.

ಇವರ ಆಫೀಸಿನ ಯಜಮಾನರು ಹೆಂಡತಿಯ ಜೊತೆ ಹಡಗಿನಲ್ಲಿ ಹೋಗಲು ಟಿಕೆಟ್ ತೆಗೆಸಿದ್ದರು. ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟು ಕೆನಡಾದ ಬಂದರುಗಳನ್ನು ನೋಡಿಕೊಂಡು ಏಳು ದಿನದಲ್ಲಿ ವಾಪಸ್. ಆಕೆ ಕಾಲು ಮುರಿದುಕೊಂಡರು, ಟಿಕೆಟ್ ನಮಗೆ ಬಂತು. ಸಾಮಾನ್ಯ ಕೋಣೆಯಲ್ಲ, ಸ್ವೀಟು, ಎಂದರೆ ಹಡಗಿನೊಳಗೆ ಒಂದು ಪುಟ್ಟ ಮನೆ. ಇವರು ಟಿಕೆಟ್ ಕಡೆ ತಿರುಗಿಯೂ ನೋಡಲಿಲ್ಲ. ಆದರೆ ಅದರ ಜೊತೆ ಆ ಸ್ವೀಟಿನ ಒಂದು ನಕ್ಷೆ ಇತ್ತು. ದೊಡ್ಡ ದೊಡ್ಡ ಕಟ್ಟಡಗಳಿಗೆ ನೀರಿನ ಪೈಪು, ಚರಂಡಿ ಪೈಪು ಎಳೆಯುವುದೇ ನಿಮ್ಮ ತಮ್ಮನ ಕಸುಬು. ನಕ್ಷೆ ಕಂಡರೆ ಊಟ ಬಿಡುವ ಜಾತಿ. ಭೂತಗನ್ನಡಿ ಹಿಡಿದು ಊಟದ ಮೇಜಿನ ಮೇಲೆ ಬಗ್ಗಿ ಕೂತವರು ಸ್ವಲ್ಪ ಹೊತ್ತಾದ ಮೇಲೆ ಕೂಗಿದರು: "ಶೈಲೂ, ಇಲ್ಲಿ ಬಾ ಇಲ್ಲಿ! ಎರಡು ಬಾತ್‌ರೂಮಿದೆ ಕಣೆ. ಒಂದು ನಿಂದು, ಒಂದು ನಂದು."

ಹಾಗೆ ಹೊರಟೆವು. ಹಡಗು ಸೇತುವೆಯ ಕೆಳಗೆ ಹಾದು ಸಮುದ್ರಕ್ಕೆ ಇಳಿಯುವಾಗ ಉಳಿದ ಜನವೆಲ್ಲ ಮೇಲೆ ನಿಂತು ಫೋಟೊ ತೆಗೆಯುತ್ತಿದ್ದರೆ, ನಾವು ಗಂಡ ಹೆಂಡತಿ ಬಚ್ಚಲು ನೋಡುತ್ತಿದ್ದೆವು.

ಎಂಥ ಬಚ್ಚಲು ಅಂತೀರಿ ಅಕ್ಕ! ಸ್ವೀಟಿನ ಬಾಗಿಲು ತೆಗೆದರೆ ಚಿಕ್ಕ ಮೊಗಸಾಲೆ, ಅದರ ಬಲಕ್ಕೆ ಒಂದು ಪುಟ್ಟ ಬಾತ್‌ರೂಮು. ಯಾರಾದರೂ ನೋಡಲು ಬಂದರೆ ಅವರು ಮಲಗುವ ಕೋಣೆ ದಾಟಿ ಒಳಗೆ ಬರಬಾರದೆಂದು ಮುಂದೆಯೇ ಇಟ್ಟಿದ್ದಾರೆ. ಆಮೇಲೆ ಕೂರುವ ಕೋಣೆ, ಅದರಾಚೆ ಮಲಗುವ ಕೋಣೆ, ಅಲ್ಲಿಂದ ದೊಡ್ಡ ಬಚ್ಚಲು. ಅಮೃತಶಿಲೆಯ ತೊಟ್ಟಿ, ದುಂಡು ಕನ್ನಡಿ, ಬೆಚ್ಚಗಿನ ಟವೆಲು. ಆ ಬಚ್ಚಲಿನೊಳಗೂ ಕಮೋಡಿಗೆ ಬೇರೆ ಗೋಡೆ, ಬೇರೆ ಬಾಗಿಲು. ಒಬ್ಬರು ಸ್ನಾನ ಮಾಡುತ್ತಿದ್ದರೆ ಇನ್ನೊಬ್ಬರು ಕಾಯಬೇಕಿಲ್ಲ, ನೋಡಲೂಬೇಕಿಲ್ಲ. ಸ್ನಾನದ ಜಾಗ ಬೇರೆ, ಅದರ ಜಾಗ ಬೇರೆ ಎಂದು ನಮ್ಮ ಹಿರಿಯರು ಬಡಿದುಕೊಳ್ಳುತ್ತಿದ್ದರಲ್ಲ, ಈ ದೇಶಕ್ಕೆ ಬಂದ ಮೇಲೆ ಮೊದಲ ಸಲ ನನ್ನ ಕಣ್ಣಿಗೆ ಅದು ಬಿದ್ದದ್ದು ನೀರಿನ ಮೇಲೆ.

ನಾನು ಕನ್ನಡಿ ಟವೆಲು ನೋಡಿದರೆ ಇವರು ಗೋಡೆ ಬಡಿದು ನೋಡುತ್ತಿದ್ದರು. ಮಂಚದ ತಲೆಭಾಗಕ್ಕೂ ಬಚ್ಚಲಿಗೂ ನಡುವೆ ಬಟ್ಟೆಯ ಬೀರುಗಳನ್ನು ಸಾಲಾಗಿ ನಿಲ್ಲಿಸಿದ್ದಾರೆ, ಒಳಗಿನ ಸದ್ದು ಮಂಚಕ್ಕೆ ಕೇಳಿಸುವುದಿಲ್ಲ. ಪುಟ್ಟ ಬಾತ್‌ರೂಮಿನ ಬಾಗಿಲು ಕೂರುವ ಸೋಫಾಕ್ಕೆ ಎದುರಾಗದಂತೆ ಓರೆಗೆ ತಿರುಗಿಸಿದ್ದಾರೆ. ಕೂತಲ್ಲಿಂದ ಕೈಗೆಟುಕುವಂತೆ ಅಗಲವಾದ ಹಲಗೆ, ಪಕ್ಕದಲ್ಲೇ ನೀರು, ಅಂಗಿ ತೂಗುಹಾಕಲು ಕೊಕ್ಕೆ, ಮೇಲೆ ವಾಸನೆ ಎಳೆಯುವ ಫ್ಯಾನು. "ಇದನ್ನ ಡ್ರಾ ಮಾಡಿದೋನು ಯಾರೋ ಮನುಷ್ಯರ ಮರ್ಯಾದೆ ಬಲ್ಲೋನು ಶೈಲೂ. ನಮ್ಮ ಆಫೀಸಲ್ಲಿ ಇಂಥೋನು ಒಬ್ಬನೂ ಇಲ್ಲ, ನನ್ನೂ ಸೇರಿಸಿ" ಎಂದರು. ಇನ್ನೊಬ್ಬರ ಕೆಲಸವನ್ನು ಅಷ್ಟು ಮನಸಾರೆ ಹೊಗಳುವುದು ನಿಮ್ಮ ತಮ್ಮನಿಗೆ ಮಾತ್ರ ಬರುತ್ತದೆ.

ನಮ್ಮ ಕೋಣೆ ನೋಡಿಕೊಳ್ಳುತ್ತಿದ್ದವರು ಗೋವಾದ ಒಬ್ಬ ನಡುವಯಸ್ಕರು. ಬಾತ್‌ರೂಮಿನ ಚಿಲಕ ಹೊರಗಿನಿಂದಲೂ ತೆಗೆಯಬಹುದೆಂದು ಅವರೇ ನನಗೆ ತೋರಿಸಿದರು. ಹೊರಗಡೆ ಚಿಲಕದ ಮೇಲೆ ಸಣ್ಣ ಗೀರಿದೆ, ಅದರಲ್ಲಿ ನಾಣ್ಯ ಇಟ್ಟು ತಿರುಗಿಸಿದರೆ ತೆರೆಯುತ್ತದೆ. ಅಲೆಗೆ ಒಳಗೆ ಯಾರಾದರೂ ಬಿದ್ದರೆ ಬೇಕಾಗುತ್ತದಂತೆ. ಇವರಿಗೆ ನಾನು ಹೇಳಲಿಲ್ಲ. ಹೇಳಿದ್ದರೆ ಆ ಬಚ್ಚಲನ್ನೇ ಬಿಟ್ಟುಬಿಡುತ್ತಿದ್ದರು.

ನಾಲ್ಕು ದಿನ ಇವರು ಹೊಸ ಮನುಷ್ಯ. ಬಾಗಿಲ ಪಕ್ಕದ ಕುರ್ಚಿ ಹುಡುಕಲಿಲ್ಲ. ಊಟದ ಮನೆಯಲ್ಲಿ ಅನ್ನ, ಬೇಯಿಸಿದ ತರಕಾರಿ, ನಾನು ಒಯ್ದಿದ್ದ ಚಟ್ನಿಪುಡಿ, ಅದಕ್ಕೇ ಖುಷಿ. ಬೆಳಿಗ್ಗೆ ಅರ್ಧ ಗಂಟೆ ಒಳಗಿದ್ದು ಹಾಡು ಗುನುಗುತ್ತ ಹೊರಗೆ ಬರುತ್ತಿದ್ದರು. ಇವರ ಹಾಡು ಕೇಳಿ ಎಷ್ಟು ದಿನವಾಗಿತ್ತೋ.

ಐದನೆಯ ದಿನ ವಾಪಸ್ ಬರುತ್ತಿದ್ದೆವು. ಮಧ್ಯಾಹ್ನ ಸಮುದ್ರ ಎದ್ದಿತು. ಇವರು ಚೀಲ ಬದಲಾಯಿಸಲೆಂದು ಒಳಗಿದ್ದರು. ಹಡಗು ಒಂದು ಸಲ ಹೊರಳಿತು, ಒಳಗೆ ದೊಪ್ಪೆಂದು ಸದ್ದು. "ರೀ!" ಎಂದು ಓಡಿದೆ. ಇನ್ನೊಂದು ಸಲ ಕೂಗಿದ ಮೇಲೆ, "ಬರಬೇಡ" ಎಂದರು. ಅಷ್ಟೇ.

ಪರ್ಸಿನಿಂದ ನಾಣ್ಯ ತೆಗೆದು ಗೀರಿಗೆ ಇಟ್ಟೇಬಿಟ್ಟಿದ್ದೆ ಅಕ್ಕ. ತಿರುಗಿಸುವುದೊಂದು ಬಾಕಿ. ಅಷ್ಟರಲ್ಲಿ ನನಗೇ ಅನ್ನಿಸಿತು, ಮೂರು ವರ್ಷ ಮುಚ್ಚಿದ್ದ ಬಾಗಿಲನ್ನು ನಾನು ಕಳ್ಳಿಯ ಹಾಗೆ ತೆರೆದರೆ ಈ ಮನುಷ್ಯ ಜನ್ಮದಲ್ಲಿ ಇನ್ನೆಂದೂ ಎಲ್ಲಿಗೂ ಹೊರಡುವುದಿಲ್ಲ. "ಹೊರಗಿಂದ ತೆಗೆಯೋಕೆ ಬರತ್ತೆ, ನಾಣ್ಯ ನನ್ನ ಕೈಲಿದೆ. ನೀವು ಹೂಂ ಅನ್ನೋವರೆಗೂ ತಿರುಗಿಸಲ್ಲ. ಪೆಟ್ಟಾಗಿದ್ಯಾ, ಅಷ್ಟು ಮಾತ್ರ ಹೇಳಿ" ಎಂದೆ. "ಮಣಿಕಟ್ಟು" ಎಂದರು. ಎತ್ತರದ ಹೊಸಿಲ ಮೇಲೆ ಬಾಗಿಲಿಗೆ ಒರಗಿ ಕೂತೆ. ಎಷ್ಟು ಹೊತ್ತೋ ಗೊತ್ತಿಲ್ಲ. ಕಡೆಗೆ ಚಿಲಕ ಒಳಗಿನಿಂದಲೇ ತಿರುಗಿತು.

ನೆಲದ ಮೇಲೆ ಕೂತಿದ್ದರು. ಬಲಗೈ ಊದಿಕೊಂಡಿತ್ತು, ಹಳೆಯ ಚೀಲ ತೆಗೆದಾಗಿತ್ತು, ಹೊಸದು ಹಾಕಿರಲಿಲ್ಲ. ನನ್ನ ಮುಖ ನೋಡದೆ ಒಂದೊಂದೇ ಹೇಳಿದರು: "ಮೊದಲು ಬಟ್ಟೆ ಒದ್ದೆ ಮಾಡು. ಒತ್ತಿ ಒರೆಸು, ಉಜ್ಜಬೇಡ. ಈಗ ಆ ಕಾಗದ ಸುಲಿ. ಅಂಟಿಸಿ ಒಂದು ನಿಮಿಷ ಕೈ ಇಟ್ಕೊಂಡಿರು." ನಾನು ಹಾಗೆಯೇ ಮಾಡಿದೆ. ಆ ಕರುಳಿನ ಬಾಯಿ ಕೆಂಪಗೆ, ಒಂದು ಅಗಲ ಕುಂಕುಮದ ಬೊಟ್ಟಿನಷ್ಟಿದೆ, ಅಷ್ಟೇ. ಇಷ್ಟನ್ನು ಈ ಮನುಷ್ಯ ಮೂರು ವರ್ಷ ಒಬ್ಬರೇ ಮಾಡಿಕೊಂಡು, ಅಂಗಿ ಇಸ್ತ್ರಿ ಮಾಡಿ ಹಾಕಿಕೊಂಡು, ಫ್ರೀವೇಯಲ್ಲಿ ಹೋಗಿ ದುಡಿದು, ಬಂದು ನನ್ನ ಹುಳಿಗೆ ಉಪ್ಪು ಹೆಚ್ಚಾದರೂ ಚೆನ್ನಾಗಿದೆ ಎಂದು ತಿಂದಿದ್ದಾರೆ. ನನಗೆ ನಿಮ್ಮ ತಮ್ಮನ ಮೇಲೆ ಆ ಹೊತ್ತು ಬಂದ ಗೌರವ ತಾಳಿ ಕಟ್ಟಿಸಿಕೊಂಡ ದಿನವೂ ಬಂದಿರಲಿಲ್ಲ.

ಮರುದಿನ ಕಾಫಿ ಕುಡಿಯುತ್ತ, ಹಡಗಿನವರ ಕಾಗದದ ಮೇಲೆ ಎಡಗೈಯಲ್ಲೇ ನಿಮ್ಮ ಮನೆಯ ಬಚ್ಚಲಿನ ನಕ್ಷೆ ಬರೆದರು. ಅದನ್ನು ಇದರ ಜೊತೆ ಇಟ್ಟಿದ್ದೇನೆ. ಹಂಡೆ ಎಲ್ಲಿದೆ, ತೂಬು ಎಲ್ಲಿದೆ, ಕಿಟಕಿ ಎಷ್ಟು ಎತ್ತರ, ಎಲ್ಲ ನೆನಪಿದೆ ಅವರಿಗೆ. ಬೇಕಾದದ್ದು ಹೆಚ್ಚಿಲ್ಲ. ಹಂಡೆಯ ಪಕ್ಕದ ಮೂಲೆಯಲ್ಲಿ ಸೊಂಟದೆತ್ತರಕ್ಕೆ ಒಂದು ಹಲಗೆ, ಒಂದು ಕೊಕ್ಕೆ, ಗಟ್ಟಿಯಾದ ಒಳಚಿಲಕ. ಬೆಳಿಗ್ಗೆ ಐದೂವರೆಯಿಂದ ಆರರವರೆಗೆ ಬಚ್ಚಲು ಅವರದು. ಭಾವನವರು ಬಾಗಿಲ ಹೊರಗೆ ಪೇಪರ್ ಓದುತ್ತ ಕೂತರೆ ಯಾರೂ ಬಡಿಯಲಾರರು. ನೆಂಟರಿಗೆಲ್ಲ ಏನು ಹೇಳಬೇಕೋ ಅದು ನಿಮಗೆ ಬಿಟ್ಟದ್ದು.

ಜನವರಿ ಇಪ್ಪತ್ತೆಂಟಕ್ಕೆ ಹೊರಡುತ್ತೇವೆ. ಸೋದರಮಾವನೇ ಹುಡುಗಿಯ ಕೈ ಹಿಡಿದು ಮಂಟಪಕ್ಕೆ ಕರೆತರುತ್ತಾನೆ. ಮಣಿಕಟ್ಟು ವಾಸಿಯಾಗಿದೆ, ಭಯ ಬೇಡ. ನಿರುಪಮಾ ಸುಖವಾಗಿ ಬಾಳಲಿ, ಅವಳ ಮನೆಯಲ್ಲಿ ನಗು ತುಂಬಿರಲಿ ಎಂದು ಇಬ್ಬರೂ ಹರಸುತ್ತೇವೆ. ಭಾವನವರಿಗೂ ನಿಮಗೂ ಇಲ್ಲಿಂದಲೇ ಕಾಲಿಗೆ ಬೀಳುತ್ತೇನೆ. ಕಾಗದ ದೀಪಾವಳಿಯೊಳಗೆ ನಿಮ್ಮ ಕೈ ಸೇರಿದರೆ ನನ್ನ ಪುಣ್ಯ.

ನಿಮ್ಮ
ಶೈಲಜಾ

ಸಹಿ ಹಾಕಿದ ಮೇಲೆ ಇನ್ನೊಂದು ಮಾತು. ನಾಚಿಕೆ ಸ್ವಭಾವ ಎಂದು ಮೇಲೆ ಬರೆದೆನಲ್ಲ, ಅದು ನಿಜವಲ್ಲ. ಆಸ್ಪತ್ರೆಯಿಂದ ಮನೆಗೆ ಬಂದ ಮೂರನೆಯ ದಿನ ಚೀಲ ಹಾಸಿಗೆಯಲ್ಲೇ ಸೋರಿತು. ನಾನೇ ಎಲ್ಲ ಬಳಿದು, ಹಾಸಿಗೆಯ ಬಟ್ಟೆ ಬದಲಾಯಿಸಿದೆ, ಮುಖ ಕೂಡ ಸಿಂಡರಿಸಲಿಲ್ಲ. ಆಮೇಲೆ ನೇರವಾಗಿ ಹೋಗಿ ತಲೆಗೆ ನೀರು ಹಾಕಿಕೊಂಡೆ. ಯೋಚಿಸಿ ಮಾಡಿದ್ದಲ್ಲ ಅಕ್ಕ, ಅಮ್ಮ ಕಲಿಸಿದ್ದನ್ನು ಕೈಕಾಲು ತಾವೇ ಮಾಡಿದವು. ಒದ್ದೆ ಕೂದಲು ಗಂಟು ಹಾಕಿಕೊಂಡು ಅವರಿಗೆ ಸಾರನ್ನ ತಂದುಕೊಟ್ಟೆ. ಮಧ್ಯಾಹ್ನ ನಾಲ್ಕು ಗಂಟೆ. ಅವರು ನನ್ನ ತಲೆಯನ್ನೇ ನೋಡಿದರು. ಮರುದಿನದಿಂದ ಚಿಲಕ ಬಿತ್ತು. ಅವರು ಗಮನಿಸಿಲ್ಲ ಎಂದೇ ನನಗೆ ನಾನು ಹೇಳಿಕೊಂಡಿದ್ದೆ. ಹಡಗಿನಲ್ಲಿ ಹೊಸ ಚೀಲ ಅಂಟಿಸಿ ಕೈ ತೊಳೆದುಕೊಳ್ಳುತ್ತಿದ್ದಾಗ ಅವರು ಗೋಡೆ ನೋಡುತ್ತ ಹೇಳಿದರು: "ಹೋಗು ಶೈಲೂ, ತಲೆಗೆ ಹಾಕ್ಕೊಂಡು ಬಾ. ನಾನೇನೂ ಅಂದ್ಕೊಳ್ಳಲ್ಲ."

ನಾನು ಸ್ನಾನ ಮಾಡಲಿಲ್ಲ. ಅದೇ ಸೀರೆಯಲ್ಲಿ ಅವರ ಪಕ್ಕ ಕೂತು, ಕೈ ನೋಯುತ್ತಿದ್ದ ಅವರಿಗೆ ಅನ್ನ ಕಲಸಿ ತಿನ್ನಿಸಿ ಆಮೇಲೆ ಉಂಡೆ. ಅದರಿಂದ ಮೂರು ವರ್ಷ ಅಳಿಸಿಹೋಯಿತೆಂದು ನಾನು ನಂಬಿಲ್ಲ. ನಿಮ್ಮದು ಮಡಿಯ ಮನೆ, ಅದಕ್ಕೇ ಕೈಮುಗಿದು ಕೇಳಿಕೊಳ್ಳುತ್ತೇನೆ. ಅವರು ಬಚ್ಚಲಿನಿಂದ ಹೊರಗೆ ಬಂದ ಕೂಡಲೇ ಯಾರೂ ಬಕೆಟ್ ಹಿಡಿದು ಒಳಗೆ ಹೋಗುವುದು ಬೇಡ. ತೊಳೆಯಲೇಬೇಕು ಅನ್ನಿಸಿದರೆ ಅವರು ಪೇಟೆಗೆ ಹೋದಾಗ ತೊಳೆಯಿರಿ. ಆ ನೀರು ಸುರಿಯುವ ಸದ್ದು ಮಾತ್ರ ಅವರ ಕಿವಿಗೆ ಬೀಳಬಾರದು.