ಹಿತ್ತಲ ಕೋಣೆಯವರು ಹೋದರು

ಅವ್ವಾ,

ನೀನು ತೀರಿಹೋದ ಮೇಲೆ ನಾನು ಇಷ್ಟು ರೇಗಿದ್ದು ಇವತ್ತೇ. ಹೊರಗಿನಿಂದ ಬಂದವರಿಗೆ ಚೌಳಹಿರಿಯೂರಿನಲ್ಲಿ ಬಾಡಿಗೆಗೆ ಮನೆ ಕೊಡಬಾರದೆಂದು ನಮ್ಮ ಬೀದಿಯವರು ಸಭೆ ಸೇರಿದ್ದರು.

"ಆಸ್ಪತ್ರೇಲಿ ನಮ್ಗೇ ಜಾಗ ಇಲ್ಲ ಕಣಮ್ಮ, ಇನ್ನೆಷ್ಟು ಜನ ಬರ್ಬೇಕು?" ಎಂದರು ಅಡಿಕೆ ತೋಟದ ಬಸವರಾಜಪ್ಪ.

"ಮತ್ತೆ ನಿಮ್ಮ ಅಡಿಕೆ ಸುಲಿಯೋರು ಯಾರು?" ಎಂದೆ.

"ಕೆಲ್ಸ ಮಾಡ್ಲಿ. ಇಲ್ಲೇ ಇರೋದು ಬ್ಯಾಡ."

ಎದ್ದು ಮನೆಗೆ ಬಂದೆ.

ಅಷ್ಟರಲ್ಲಿ ನಮ್ಮ ಹಿತ್ತಲ ಕೋಣೆಯಲ್ಲಿ ಬಾಡಿಗೆಗಿದ್ದ ಅಸ್ಸಾಮಿನ ರಹಿಮಾ, ಅವಳ ಗಂಡ ಸಭೆಯ ಸುದ್ದಿ ಕೇಳಿ ಗಂಟು ಕಟ್ಟಿಕೊಂಡು ನಿಂತಿದ್ದರು. ಕೋಣೆಯನ್ನು ಗುಡಿಸಿ ಒರೆಸಿದ್ದರು. "ನಿಮ್ಗೆ ತೊಂದ್ರೆ ಬೇಡ ಅಕ್ಕಾ" ಎಂದು ಅವಳು ಬೀಗದ ಕೈ ಕೊಟ್ಟಳು. ತುಂಬು ಬಸುರಿ, ಅವ್ವಾ. ಹೋಗಬೇಡ ಅನ್ನಬೇಕೆಂದೇ ಬಾಯಿ ತೆರೆದೆ.

"ಕಡೂರಿನ ಬಸ್ಸು ಎಷ್ಟೊತ್ತಿಗೆ, ಗೊತ್ತಲ್ವಾ?" ಎಂದು ಕೇಳಿದೆ.