ಕೀಲಿಗೆ ಹೊಕ್ಕ ಸ್ಕ್ರೂ

ಅಪ್ಪನಿಗೆ,

ಆಪರೇಷನ್ ಥಿಯೇಟರಿನಲ್ಲಿ ನಿಮ್ಮ ಕೈಕೆಳಗಿನ ಡಾಕ್ಟರಾಗಿ ನಿಮ್ಮನ್ನು ‘ಸಾರ್’ ಎಂದು ಕರೆದು ಬಾಯಿ ಮುಚ್ಚಿಕೊಂಡಿದ್ದೆ. ಇದನ್ನು ಮಗಳಾಗಿ ಬರೆಯುತ್ತಿದ್ದೇನೆ.

ಪಾದದ ಕೀಲಿನ ಒಳಪಕ್ಕ ಉಬ್ಬಿರುವ ಮೂಳೆಗೆ ಸ್ಕ್ರೂ ಹಾಕಿದ ಮೇಲೆ, ಕಾಲನ್ನು ಸ್ವಲ್ಪ ಒಳಕ್ಕೆ ತಿರುಗಿಸಿ ಇನ್ನೊಂದು ಎಕ್ಸ್‌ರೇ ನೋಡದೆ ಹೊಲಿಗೆ ಹಾಕಬಾರದು ಎಂದು ಕಲಿಸಿದವರು ನೀವೇ. ನೇರವಾಗಿ ತೆಗೆದ ಎಕ್ಸ್‌ರೇಯಲ್ಲಿ ಕೀಲಿನೊಳಕ್ಕೆ ಹೊಕ್ಕ ಸ್ಕ್ರೂ ಕೂಡ ಮೂಳೆಯೊಳಗೇ ಇದ್ದಂತೆ ಕಾಣುತ್ತದೆ. ಕಾಲು ಮುರಿದುಕೊಂಡು ಬಂದಿದ್ದ ಬಸ್ ಕಂಡಕ್ಟರಮ್ಮನ ಆಪರೇಷನ್ನಿನಲ್ಲಿ ನಾನು ಆ ಎಕ್ಸ್‌ರೇ ಕೇಳಿದಾಗ, “ನಂಗೇ ಪಾಠ ಹೇಳ್ತೀಯಾ? ಹೊಲಿ!” ಅಂದಿರಿ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂದರೆ ಇದೇ ಅಲ್ಲವೇ?

ಈಗ ಹೆಜ್ಜೆ ಇಟ್ಟಾಗಲೆಲ್ಲ ಒಳಗೆ ಕರಕರ ಅನ್ನುತ್ತದೆ ಎಂದು ಆಕೆ ಅಳುತ್ತಾರೆ. ನೀವು ಎಲ್ಲರೆದುರು ಆಕೆಯನ್ನು ಗೋಡೆಯಿಂದ ಗೋಡೆಗೆ ನಡೆಸಿ, “ಚೆನ್ನಾಗೇ ನಡೀತೀಯಲ್ಲಮ್ಮಾ! ನೋವೆಲ್ಲ ನಿನ್ನ ತಲೇಲಿದೆ” ಎಂದು ನಕ್ಕಿರಿ.

ಇವತ್ತು ನಾನೇ ಆಕೆಯ ಕಾಲು ತಿರುಗಿಸಿ ಎಕ್ಸ್‌ರೇ ತೆಗೆಸಿದೆ. ಸ್ಕ್ರೂ ತುದಿ ಕೀಲಿನೊಳಗಿದೆ. ಎಕ್ಸ್‌ರೇ ನಿಮ್ಮ ಮೇಜಿನ ಮೇಲಿದೆ. ಸ್ಕ್ರೂ ತೆಗೆಯಲು ಥಿಯೇಟರಿಗೆ ಹೇಳಿಟ್ಟಿದ್ದೇನೆ. ಆಕೆಗೆ ವಿಷಯ ತಿಳಿಸುವುದನ್ನು ಮಾತ್ರ ನಿಮಗೆ ಬಿಟ್ಟಿದ್ದೇನೆ.

ನಾಳೆ ಆಕೆ ಬಂದಾಗ ನಡೆದು ತೋರಿಸಲು ಹೇಳಬೇಡಿ. ಈ ಸಲ ನೀವೇ ಎದ್ದು ಆಕೆಯ ಬಳಿಗೆ ನಡೆಯಿರಿ.

ನಿಮ್ಮಿಂದಲೇ ಕಲಿತ
ಮಗಳು